ಪಹಣಿಯಲ್ಲಿ ಹೆಸರಿಲ್ಲದವರ ನ್ಯಾಯ



ಹೋದ ತಿಂಗಳು ಸಾಮಾಜಿಕ ನ್ಯಾಯದ ಮೇಲೆ ನಡೆದ ಎರಡು ದಿನದ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಯಾವ ಊರು, ಯಾರು ನಡೆಸಿದ್ದು ಅನ್ನೋದು ಇಲ್ಲಿ ಬೇಡ. ನಡೆಸಿದವರು ನಮ್ಮವರೇ, ಒಳ್ಳೆಯ ಮನಸ್ಸಿನವರೇ. ಅವರನ್ನು ಹೀಗಳೆಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅಲ್ಲಿಂದ ವಾಪಸು ಬಂದ ರಾತ್ರಿ ನಮ್ಮ ಕೇರಿಯಲ್ಲಿ ಒಬ್ಬರು ಒಂದು ಮಾತು ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಉತ್ತರ ಹುಡುಕುತ್ತಾ ಈ ಸಂಪಾದಕೀಯ.

ತಿರುಮಣಿಯಿಂದ ಕತ್ತಲಿರುವಾಗಲೇ ಹೊರಟು, ಪಾವಗಡದಲ್ಲಿ ಬಸ್ಸು ಬದಲಾಯಿಸಿ, ಮಧುಗಿರಿ, ಕೊರಟಗೆರೆ ದಾಟಿ ಹೋಗಿ ಸೇರುವ ಹೊತ್ತಿಗೆ ಉದ್ಘಾಟನೆ ಮುಗಿದಿತ್ತು. ವೇದಿಕೆ ಮೇಲೆ ಬಾಬಾಸಾಹೇಬರ ಪಟ, ಪಟಕ್ಕೆ ಹಾರ. ಹಾಲ್ ತುಂಬ ನನ್ನಂಥವರೇ. ಹಾಸ್ಟೆಲಿನ ಹುಡುಗ ಹುಡುಗಿಯರು, ಬಿ.ಎ. ಮುಗಿಸಿ ಮುಂದೇನು ಅಂತ ಗೊತ್ತಿಲ್ಲದವರು, ಬಸ್ ಚಾರ್ಜಿಗೆ ಕೈಸಾಲ ಮಾಡಿ ಬಂದವರು. ಸಂವಿಧಾನದ ಬಗ್ಗೆ ಮಾತಾಡಿದರು. ಮೀಸಲಾತಿ ಬಗ್ಗೆ, ಪ್ರಾತಿನಿಧ್ಯದ ಬಗ್ಗೆ, ಹಾಸ್ಟೆಲುಗಳ ಸ್ಥಿತಿ ಬಗ್ಗೆ ಮಾತಾಡಿದರು. ಎಲ್ಲ ಬೇಕಾದ ಮಾತೇ. ಮೀಸಲಾತಿ ಇಲ್ಲದಿದ್ದರೆ, ಹಾಸ್ಟೆಲಿನ ಆ ಎರಡು ಹೊತ್ತಿನ ಮುದ್ದೆ ಇಲ್ಲದಿದ್ದರೆ, ನಾನು ಆ ಕುರ್ಚಿ ಮೇಲೆ ಕೂತಿರುತ್ತಲೇ ಇರಲಿಲ್ಲ. ಅದನ್ನು ಮರೆತು ಮಾತಾಡುವ ಕೃತಘ್ನ ನಾನಲ್ಲ.

ನಾನೂ ಒಂದು ಪದ್ಯ ಓದಿದೆ. ಸೂರ್ಯನ ಮೇಲೆ. ಅವನಿಗೆ ಜಾತಿಯಿಲ್ಲ, ಅವನು ಎಲ್ಲರಿಗೂ ಒಂದೇ ಅನ್ನುವ ಅರ್ಥದ್ದು. ಚಪ್ಪಾಳೆ ಬಿತ್ತು. ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಎರಡನೇ ದಿನ, ಪ್ರಶ್ನೆಗಳಿದ್ದರೆ ಚೀಟಿ ಬರೆದು ಕಳಿಸಿ ಅಂದರು. ನಾನು ಬರೆದೆ: "ಸ್ವಂತ ಜಮೀನು ಇಲ್ಲದವನು ದುಡಿಯುತ್ತಿದ್ದ ಜಮೀನು ಹೋದರೆ, ಅವನಿಗೆ ಏನು ನ್ಯಾಯ?" ಅಧ್ಯಕ್ಷರು ಚೀಟಿ ಓದಿದರು. ಒಳ್ಳೆಯ ಪ್ರಶ್ನೆ ಅಂದರು. ಸಮಯದ ಅಭಾವ ಅಂದರು. ಊಟದ ಹೊತ್ತಾಗಿತ್ತು.

ಊರಿಗೆ ಬಂದಾಗ ರಾತ್ರಿ. ಜಗುಲಿ ಮೇಲೆ ಕೂತಿದ್ದ ಹಿರಿಯ ಹೆಂಗಸು, ನಾವೆಲ್ಲ ದೊಡ್ಡಮ್ಮ ಅಂತ ಕರೆಯುವವರು, ನಮ್ಮ ಗಡಿಸೀಮೆಯ ತೆಲುಗು ಬೆರೆತ ಮಾತಿನಲ್ಲಿ ವಿಚಾರಿಸಿಕೊಂಡರು.

"ಎಲ್ಲಿಗೋಗಿದ್ದೆ ಮಗಾ, ಎರಡು ದಿನ ಕಾಣಲಿಲ್ಲ?"

"ನ್ಯಾಯದ ಬಗ್ಗೆ ಒಂದು ಸಭೆ ಇತ್ತು ದೊಡ್ಡಮ್ಮ."

"ನ್ಯಾಯಾನಾ? ಯಾರ್ದು ನ್ಯಾಯ? ನಮ್ ಕಡೆಯಿಂದ ಯಾರು ಮಾತಾಡಿದ್ರು? ಏನಂತ ತೀರ್ಮಾನ ಆಯ್ತು?"

ನೋಡಿ ಗೆಳೆಯರೇ. ನಮ್ಮ ಹಳ್ಳಿಯಲ್ಲಿ ನ್ಯಾಯ ಅಂದರೆ ಭಾಷಣ ಅಲ್ಲ. ನ್ಯಾಯ ಅಂದರೆ ಎರಡು ಕಡೆಯವರೂ ಬಂದು ಕೂರಬೇಕು. ಕಳೆದುಕೊಂಡವನು ಎದ್ದು ನಿಂತು ಇಂಥದ್ದು ಹೋಯಿತು ಅಂತ ಹೇಳಬೇಕು. ಎದ್ದು ಹೋಗುವಾಗ ಯಾರಿಗೆ ಏನು ಸಿಕ್ಕಿತು ಅಂತ ಎಲ್ಲರಿಗೂ ಗೊತ್ತಾಗಬೇಕು. ಆ ಹಳ್ಳಿ ನ್ಯಾಯ ನಮ್ಮವರಿಗೆ ಎಷ್ಟು ಸಲ ಅನ್ಯಾಯವಾಗಿ ಮುಗಿದಿದೆ ಅನ್ನೋದು ದೊಡ್ಡಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತು. ಆದರೂ ಅವರ ಮೂರು ಪ್ರಶ್ನೆ ಸರಿಯಾದ ಪ್ರಶ್ನೆಗಳೇ. ಯಾರ ನ್ಯಾಯ? ಯಾರು ಮಾತಾಡಿದರು? ಏನು ತೀರ್ಮಾನ? ನಾನು ಸುಮ್ಮನೆ ಚಪ್ಪಲಿ ಬಿಟ್ಟು ಒಳಗೆ ಹೋದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ.

ಪಾವಗಡ ಮೂರು ಕಡೆಯೂ ಆಂಧ್ರ ಸುತ್ತಿಕೊಂಡಿರುವ ತಾಲ್ಲೂಕು. ಬಾವಿ ನೀರಲ್ಲಿ ಫ್ಲೋರೈಡು, ಆಕಾಶದಲ್ಲಿ ಮೋಡ ಇಲ್ಲ. ಆರು ದಶಕಗಳಲ್ಲಿ ಐವತ್ತಕ್ಕೂ ಹೆಚ್ಚು ಸಲ ಬರಪೀಡಿತ ಅನ್ನಿಸಿಕೊಂಡ ನೆಲ ಇದು. ಈ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆ ಮೇಲೆ ಸೋಲಾರ್ ಪಾರ್ಕ್ ಎದ್ದಿತು. 2018ರ ಮಾರ್ಚ್ 1ರಂದು ಮೊದಲ ಹಂತದ ಉದ್ಘಾಟನೆ. 2019ರ ಕೊನೆಗೆ ಪೂರ್ತಿ 2,050 ಮೆಗಾವಾಟ್. ಹೆಸರು ಶಕ್ತಿ ಸ್ಥಳ. ಪ್ರಪಂಚದ ದೊಡ್ಡ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಇದೂ ಒಂದು ಅಂತ ದೇಶವಿದೇಶದವರು ಬಂದು ನೋಡಿ ಹೋದರು.

ಇದರಲ್ಲಿ ಒಂದು ಹೊಸತನ ಇತ್ತು. ಸರ್ಕಾರ ಜಮೀನನ್ನು ಕಿತ್ತುಕೊಳ್ಳಲಿಲ್ಲ. ಗುತ್ತಿಗೆಗೆ ತೆಗೆದುಕೊಂಡಿತು. ಜಮೀನು ರೈತನ ಹೆಸರಲ್ಲೇ ಇರುತ್ತದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇಕಡಾ 5 ಏರಿಕೆ, ಇಪ್ಪತ್ತೈದು ವರ್ಷಕ್ಕೂ ಮೇಲ್ಪಟ್ಟ ಕರಾರು. ಸುಮಾರು 2,300 ರೈತರು ಜಮೀನು ಕೊಟ್ಟರು. ಮಳೆ ನಂಬಿ ಕಡ್ಲೇಕಾಯಿ ಹಾಕಿ ಬೀಜದ ದುಡ್ಡೂ ಹುಟ್ಟದೆ ಸೋತಿದ್ದವರಿಗೆ ಇದು ಆಸರೆಯೇ. ನಾವು ಅದನ್ನು ಅಲ್ಲಗಳೆಯುವುದಿಲ್ಲ. ಗುತ್ತಿಗೆ ಹಣ ಬರುವವರಲ್ಲಿ ಎರಡು ಮೂರು ಎಕರೆಯ ನಮ್ಮ ಜನವೂ ಇದ್ದಾರೆ. ಅವರ ಮೇಲೆ ನಮಗೆ ಹೊಟ್ಟೆಕಿಚ್ಚಿಲ್ಲ.

ಆದರೆ ಲೆಕ್ಕ ಹಾಕಿ ನೋಡಿ. ಹತ್ತು ಎಕರೆ ಇದ್ದವನಿಗೆ ಮೊದಲ ವರ್ಷ 2,10,000 ರೂಪಾಯಿ. ಎರಡು ಎಕರೆ ಇದ್ದವನಿಗೆ 42,000. ಎಕರೆಯೇ ಇಲ್ಲದ ಕೂಲಿಯವನಿಗೆ? ಸೊನ್ನೆ. ಎರಡು ವರ್ಷ ಕಳೆದ ಮೇಲೆ ಶೇಕಡಾ 5 ಏರಿಕೆ. ಸೊನ್ನೆಗೆ ಶೇಕಡಾ 5 ಏರಿಸಿದರೆ ಎಷ್ಟು? ಸೊನ್ನೆಯೇ. ಕರಾರು ಮುಗಿಯುವ ಹೊತ್ತಿಗೂ ಸೊನ್ನೆಯೇ. ಅಷ್ಟರಲ್ಲಿ ದೊಡ್ಡಮ್ಮ ಇರುವುದಿಲ್ಲ. ಅವರ ಮೊಮ್ಮಕ್ಕಳಿಗೆ ಮೀಸೆ ಬಂದಿರುತ್ತದೆ.

ಆ ಜಮೀನುಗಳಲ್ಲಿ ಬೆವರು ಸುರಿಸಿದ್ದು ಬರೀ ಪಹಣಿದಾರರಾ? ಕಡ್ಲೇಕಾಯಿ ಬಿತ್ತನೆಯಲ್ಲಿ ಸಾಲಿಗೆ ಬೀಜ ಬಿಟ್ಟವರು ಯಾರು? ಕಳೆ ತೆಗೆದವರು ಯಾರು? ಗಿಡ ಕಿತ್ತು, ಕಾಯಿ ಬಿಡಿಸಿ, ಬೆರಳ ತುದಿ ಒಡೆಸಿಕೊಂಡವರು ಯಾರು? ನಮ್ಮ ತಾಯಂದಿರು, ನಮ್ಮ ಅಕ್ಕಂದಿರು. ಸುಗ್ಗಿ ಮುಗಿದ ಮೇಲೆ ಮಣ್ಣಲ್ಲಿ ಉಳಿದ ಕಾಯಿಯನ್ನು ಕೆದಕಿ ಹಕ್ಕಲು ಆಯ್ದುಕೊಂಡು ಬಂದರೆ ಮನೆಗೆ ಒಂದಷ್ಟು ದಿನದ ಎಣ್ಣೆಯ ದಾರಿ. ಬದುವಿನ ಹುಲ್ಲು ಒಂದು ಆಡಿಗೆ, ಎರಡು ಕುರಿಗೆ. ಒಣಗಿದ ಜಾಲಿ ಒಲೆಗೆ. ಬೇವಿನ ಬೀಜ, ಹೊಂಗೆ ಬೀಜ ಆರಿಸಿದರೆ ಕೈಗೆ ನಾಲ್ಕು ಕಾಸು. ಇದ್ಯಾವುದೂ ಪಹಣಿಯಲ್ಲಿ ಬರೆದಿರಲಿಲ್ಲ. ಆದರೆ ಇದರಿಂದಲೇ ಕೇರಿಯ ಒಲೆ ಉರಿಯುತ್ತಿತ್ತು. ಈಗ ಅಲ್ಲಿ ತಂತಿ ಬೇಲಿ, ಗಾಜು, ಗೇಟಿನಲ್ಲಿ ಕಾವಲು. ಗಾಜಿನ ಅಡಿಯಲ್ಲಿ ಹಕ್ಕಲು ಇಲ್ಲ.

ಕೆಲಸ ಸಿಕ್ಕಿಲ್ಲವಾ ಅಂದರೆ, ಕೆಲವರಿಗೆ ಸಿಕ್ಕಿದೆ. ಪ್ಯಾನೆಲ್ ಒರೆಸುವುದು, ಹುಲ್ಲು ಕೊಯ್ಯುವುದು, ಸೆಕ್ಯುರಿಟಿ ಗಾರ್ಡ್ ಕೆಲಸ. ಕಂಟ್ರಾಕ್ಟುದಾರನ ಕೈಕೆಳಗೆ. ಉಳಿದವರು ಬೆಂಗಳೂರಿನ ಬಸ್ಸು ಹತ್ತಿದರು.

ಇಲ್ಲಿ ಒಂದು ಮಾತು ನೇರವಾಗಿ ಹೇಳಬೇಕು. ಆ ಹೊಲಗಳು ನಮ್ಮನ್ನು ಪ್ರೀತಿಯಿಂದ ಸಾಕಿದವು ಅಂತ ನಾವು ಸುಳ್ಳು ಬರೆಯುವುದಿಲ್ಲ. ಅದೇ ಹೊಲದ ಬದುವಿನ ಮೇಲೆ ನಮಗೆ ನೀರನ್ನು ಎತ್ತಿ ಬೊಗಸೆಗೆ ಹುಯ್ದಿದ್ದಾರೆ. ಕೂಲಿ ಕೇಳಿದರೆ ನಾಳೆ ಬಾ ಅಂದಿದ್ದಾರೆ. ಹಳೆಯ ದಿನ ವಾಪಸು ಬರಲಿ ಅಂತ ನಮ್ಮ ಯಾವ ತಾಯಿಯೂ ಹರಕೆ ಹೊತ್ತಿಲ್ಲ. ಗಾಜು ಒಡೆಯಬೇಕು, ಕರೆಂಟು ಬೇಡ ಅನ್ನುವುದು ನಮ್ಮ ವಾದ ಅಲ್ಲ. ಬಿಸಿಲಿನಿಂದ ಕರೆಂಟು ಬರಲಿ. ನಮ್ಮ ಪ್ರಶ್ನೆ ಇಷ್ಟೇ: ಅಪಮಾನದಲ್ಲಿ ಪಾಲು ಕೊಟ್ಟ ಹೊಲ, ಲಾಭದ ದಿನ ಬಂದಾಗ ನಮ್ಮ ಪಾಲು ಯಾಕೆ ಮರೆಯಿತು?

ಇದು ಮೊದಲ ಸಲ ಅಲ್ಲ ಗೆಳೆಯರೇ. ತಾರೀಖು ನೋಡಿ. 1974ರ ಮಾರ್ಚ್ 1. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ದಿನ. ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನೇ ಹೊಲದೊಡೆಯ ಅಂತಾಯಿತು. ಅದು ದೊಡ್ಡ ಕೆಲಸ, ಸಂಶಯ ಬೇಡ. ಆದರೆ ಭೂ ನ್ಯಾಯಮಂಡಳಿಗೆ ನಮೂನೆ 7 ಹಾಕಬೇಕಾದರೆ ನೀನು ಗೇಣಿದಾರನಾಗಿರಬೇಕು. ನಮ್ಮ ತಾತಂದಿರಲ್ಲಿ ಹೆಚ್ಚಿನವರು ಗೇಣಿದಾರರೂ ಅಲ್ಲ. ಗೇಣಿದಾರನ ಹತ್ತಿರ ಕೂಲಿಗೆ ಇದ್ದವರು, ಜೀತಕ್ಕೆ ಇದ್ದವರು. ನೇಗಿಲು ಹಿಡಿದದ್ದು ಅವರ ಕೈ, ಆದರೆ ಕಾನೂನಿನ ಕಣ್ಣಿಗೆ ಅವರು ಉಳುವವರಲ್ಲ. ಮಿಗುತಾಯ ಭೂಮಿ ಹಂಚುವಾಗ ನೋಡೋಣ ಅಂದರು. ನೋಡುತ್ತಲೇ ಇದ್ದೇವೆ.

ನಲವತ್ತನಾಲ್ಕು ವರ್ಷ ಕಳೆದು ಮತ್ತೆ ಅದೇ ಮಾರ್ಚ್ 1 ಬಂತು. ಆವತ್ತು ಗೇಣಿ ಚೀಟಿ ಕೇಳಿದರು, ಈವತ್ತು ಪಹಣಿ ಕೇಳಿದರು. ಎರಡು ಸಲವೂ ಕೇಳಿದ ಕಾಗದ ನಮ್ಮ ಪೆಟ್ಟಿಗೆಯಲ್ಲಿ ಇರಲಿಲ್ಲ. ಬಗರ್ ಹುಕುಂ ಸಾಗುವಳಿ ಮಾಡಿಕೊಂಡು 1991ರಲ್ಲಿ ನಮೂನೆ 50, ಆಮೇಲೆ ನಮೂನೆ 53, 2018ರಲ್ಲಿ ನಮೂನೆ 57 ಅಂತ ಅರ್ಜಿ ಹಾಕಿ ಕಾಯುವ ನಮ್ಮವರು ಈ ನಾಡಿನ ತಾಲ್ಲೂಕು ಕಚೇರಿಗಳಲ್ಲೆಲ್ಲ ಇದ್ದಾರೆ. ನಮ್ಮ ಬದುಕು ಅರ್ಜಿಯ ನಂಬರಿನಲ್ಲೇ ನಿಂತಿದೆ.

ಬಾಬಾಸಾಹೇಬರ ಪಟಕ್ಕೆ ಹಾರ ಹಾಕಿದವರು ಅವರು 1947ರಲ್ಲಿ ಭೂಮಿಯ ಬಗ್ಗೆ ಏನು ಬರೆದರು ಅನ್ನೋದನ್ನು ಓದಬೇಕು. ಸಂವಿಧಾನ ಸಭೆಗೆ ಸಲ್ಲಿಸಲೆಂದು ಸಿದ್ಧಪಡಿಸಿದ ಮನವಿಯಲ್ಲಿ ಅವರು, ಬೇಸಾಯವನ್ನು ಸರ್ಕಾರವೇ ನಡೆಸುವ ಉದ್ಯಮ ಮಾಡಬೇಕು, ಭೂಮಿ ಸರ್ಕಾರದ್ದಾಗಬೇಕು, ಜಾತಿಭೇದವಿಲ್ಲದೆ ಹಳ್ಳಿಯವರಿಗೆ ಕೊಟ್ಟು ಸಾಮೂಹಿಕವಾಗಿ ಸಾಗುವಳಿ ಮಾಡಿಸಬೇಕು ಅಂದರು. ಆಗ ಜಮೀನ್ದಾರನೂ ಇರುವುದಿಲ್ಲ, ಗೇಣಿದಾರನೂ ಇರುವುದಿಲ್ಲ, ಭೂಮಿಯಿಲ್ಲದ ಕೂಲಿಯವನೂ ಇರುವುದಿಲ್ಲ ಅನ್ನೋದು ಅವರ ಲೆಕ್ಕ. ತಿರುಮಣಿಯಲ್ಲಿ ಆದದ್ದು ನೋಡಿ. ಸರ್ಕಾರ ಭೂಮಿಗೆ ಬಂತು, ನಿಜ. ಆದರೆ ಒಡೆಯನಾಗಿ ಬರಲಿಲ್ಲ, ಗುತ್ತಿಗೆದಾರನಾಗಿ ಬಂತು. ಜಮೀನಿನವನು ಒಡೆಯನಾಗಿಯೇ ಉಳಿದ. ಭೂಮಿಯಿಲ್ಲದ ಕೂಲಿಯವನು ಮಾತ್ರ ಇಲ್ಲವಾದ. ಬಾಬಾಸಾಹೇಬರು ಹೇಳಿದ ಅರ್ಥದಲ್ಲಿ ಅಲ್ಲ. ಊರು ಬಿಟ್ಟು ಹೋಗಿ ಇಲ್ಲವಾದ.

ಈಗ ಆ ಸಂಕಿರಣದಿಂದ ನಾನು ತಂದದ್ದನ್ನು ಹೇಳಬೇಕು. ಬರಿಗೈಲಿ ಬಂದೆ ಅಂದರೆ ಸುಳ್ಳಾಗುತ್ತದೆ. ಚೀಟಿಗೆ ಸಿಗದ ಉತ್ತರ ಊಟದ ಸಾಲಿನಲ್ಲಿ ಸಿಕ್ಕಿತು. ಪಕ್ಕದಲ್ಲಿ ನಿಂತಿದ್ದ ವಕೀಲರೊಬ್ಬರು, "ನಿಮ್ಮ ಪ್ರಶ್ನೆಗೆ 2013ರ ಕಾಯ್ದೆಯಲ್ಲಿ ಅರ್ಧ ಉತ್ತರ ಇದೆ" ಅಂದರು. ಮನೆಗೆ ಬಂದು ಓದಿದೆ. 2013ರ ಭೂಸ್ವಾಧೀನ ಕಾಯ್ದೆ, 2014ರ ಜನವರಿ 1ರಿಂದ ಜಾರಿಗೆ ಬಂದದ್ದು. ಅದರಲ್ಲಿ ಬಾಧಿತ ಕುಟುಂಬ ಅಂದರೆ ಯಾರು ಅಂತ ಹೇಳುವಾಗ ಬರೀ ಜಮೀನಿನ ಮಾಲೀಕನನ್ನು ಹೇಳಿಲ್ಲ. ಸ್ವಂತ ಜಮೀನಿಲ್ಲದಿದ್ದರೂ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಬದುಕುತ್ತಿದ್ದ ಕೃಷಿ ಕೂಲಿಕಾರ, ಗೇಣಿದಾರ, ಪಾಲುಗಾರ, ಕುಶಲಕರ್ಮಿ, ಇವರ ಮುಖ್ಯ ಜೀವನೋಪಾಯ ಹೋದರೆ ಇವರೂ ಬಾಧಿತರು. ಅಂಥ ಕುಟುಂಬಕ್ಕೆ ಕೆಲಸ, ಇಲ್ಲವೆ ಒಂದೇ ಸಲಕ್ಕೆ 5 ಲಕ್ಷ ರೂಪಾಯಿ, ಇಲ್ಲವೆ ಇಪ್ಪತ್ತು ವರ್ಷ ತಿಂಗಳಿಗೆ 2,000ಕ್ಕೆ ಕಡಿಮೆ ಇಲ್ಲದ ವರ್ಷಾಶನ, ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ.

ಓದಿ ಕಣ್ಣು ತೇವವಾಯಿತು. ಈ ದೇಶದ ಒಂದು ಕಾನೂನು ದೊಡ್ಡಮ್ಮನ ಕೈಯನ್ನು ನೋಡಿದೆ. ಆ ಕೈ ಭೂಮಿ ಮೇಲೆ ಇತ್ತು ಅಂತ ಒಪ್ಪಿಕೊಂಡಿದೆ.

ಆದರೆ ಅರ್ಧ ಉತ್ತರ ಅಂದರಲ್ಲ, ಇನ್ನರ್ಧ ಇಲ್ಲಿದೆ. ಆ ಹಕ್ಕು ಹುಟ್ಟುವುದು ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಂಡಾಗ. ತಿರುಮಣಿಯಲ್ಲಿ ಆದದ್ದು ಸ್ವಾಧೀನ ಅಲ್ಲ, ಗುತ್ತಿಗೆ. ಮಾಲೀಕನ ಜೊತೆ ಕರಾರು ಮಾಡಿಕೊಂಡರೆ ಸಾಕು. ಭೂಮಿಯನ್ನು ಕಿತ್ತುಕೊಳ್ಳದ ಈ ಮೆದು ದಾರಿ ರೈತನಿಗೆ ಮೆದುವಾಯಿತು. ಕೂಲಿಯವನಿಗೆ ಇದ್ದ ಒಂದೇ ಒಂದು ಬಾಗಿಲು ಅದೇ ದಾರಿಯಲ್ಲಿ ಮುಚ್ಚಿಹೋಯಿತು. ಯಾರೋ ಕೇಡಿಗ ಕೂತು ಹೀಗೆ ಮಾಡಿದ ಅಂತ ನಾನು ಹೇಳುತ್ತಿಲ್ಲ. ಯಾರಿಗೂ ನಮ್ಮ ನೆನಪೇ ಆಗಲಿಲ್ಲ ಅನ್ನುತ್ತಿದ್ದೇನೆ. ಹೊಡೆದರೆ ಏಟಿನ ಗುರುತಾದರೂ ಉಳಿಯುತ್ತದೆ, ತೋರಿಸಿ ಕೇಳಬಹುದು. ಮರೆತರೆ ತೋರಿಸುವುದಕ್ಕೂ ಏನೂ ಇರುವುದಿಲ್ಲ.

ನನ್ನ ಪದ್ಯ ನೆನಪಾಗಿ ನಾಚಿಕೆಯಾಯಿತು. ಸೂರ್ಯನಿಗೆ ಜಾತಿಯಿಲ್ಲ, ಸರಿ. ಆದರೆ ಬಿಸಿಲು ಬೀಳುವ ನೆಲಕ್ಕೆ ಪಹಣಿ ಇದೆ. ಪಹಣಿ ಇದ್ದವನಿಗೆ ಆ ಬಿಸಿಲು ದುಡ್ಡಾಗುತ್ತದೆ. ಇಲ್ಲದವನಿಗೆ ಬರೀ ಸುಡುತ್ತದೆ. ಇದನ್ನು ಬಿಟ್ಟು ಬರೆದ ಪದ್ಯಕ್ಕೆ ಬಿದ್ದ ಚಪ್ಪಾಳೆಯನ್ನು ಈ ಪುಟದಲ್ಲಿ ವಾಪಸು ಕೊಡುತ್ತಿದ್ದೇನೆ.

ಹಾಗಾದರೆ ಸಭೆಗಳಿಗೆ ಹೋಗಬಾರದಾ? ಹೋಗಬೇಕು. ನಮ್ಮ ಚಳವಳಿಗೆ ಮೊದಲು ಕಾಲುಬಲ ಕೊಟ್ಟವರಲ್ಲಿ ವಿದ್ಯಾರ್ಥಿಗಳೂ ಇದ್ದರು. 1973ರ ನವೆಂಬರಿನಲ್ಲಿ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದದ್ದಕ್ಕೆ ಎದ್ದ ಗಲಾಟೆಯಲ್ಲಿ ಅವರ ಮಂತ್ರಿಗಿರಿ ಹೋಯಿತು, ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಏಟು ತಿಂದವರು ಹಾಸ್ಟೆಲಿನಲ್ಲಿ ಬಾಗಿಲು ಹಾಕಿಕೊಂಡು ಕೂರಲಿಲ್ಲ. ಆ ದಶಕದಲ್ಲೇ, ಭದ್ರಾವತಿಯಲ್ಲಿ ಕನ್ನಡ ಮೇಷ್ಟರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರಂಥವರ ಮುಂದಾಳುತನದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿ ಹಳ್ಳಿಗಳಿಗೆ ಹೋದರು, ಭೂಮಿ ಕೇಳಿದರು. ಅವರ ಸಭೆ ಕೇರಿಗೆ ಹೋಗುವ ದಾರಿಯಲ್ಲಿತ್ತು. ನಮ್ಮ ಸಭೆಗಳು ಎಲ್ಲಿವೆ? ಸರ್ಟಿಫಿಕೇಟು ಕೊಟ್ಟು ಮುಗಿಯುವ ಸಭೆಯಿಂದ ನಾವು ಎಲ್ಲಿಗೆ ಹೋಗುತ್ತೇವೆ?

ಪಾರ್ಕನ್ನು ಇನ್ನೂ ವಿಸ್ತರಿಸುವ ಮಾತು ಕೇಳಿಬರುತ್ತಿದೆ. ಬೇರೆ ಬೇರೆ ಜಿಲ್ಲೆಗಳಲ್ಲೂ ತಿರುಮಣಿಯ ಮಾದರಿ ಅಂತ ಹೆಸರು ಹೇಳುತ್ತಿದ್ದಾರೆ. ಮಾದರಿ ಅನ್ನುವ ಮೊದಲು ಅದರ ಸೊನ್ನೆಯನ್ನೂ ತೋರಿಸಬೇಕಾದವರು ನಾವು. ಆದ್ದರಿಂದ ನಮ್ಮ ಒತ್ತಾಯ ಹೀಗಿದೆ.

ಒಂದು: ಗುತ್ತಿಗೆಯಾದರೂ ಸರಿ, ಸ್ವಾಧೀನವಾದರೂ ಸರಿ, 2013ರ ಕಾಯ್ದೆ ಕೂಲಿಕಾರ ಕುಟುಂಬಕ್ಕೆ ಒಪ್ಪಿಕೊಂಡ ಹಕ್ಕು ಸಿಗಬೇಕು. ಅದಕ್ಕೆ ಬೇಕಾದ ತಿದ್ದುಪಡಿಯನ್ನು ವಿಧಾನಸಭೆ ಮಾಡಲಿ. ಪಾವಗಡ ಮೀಸಲು ಕ್ಷೇತ್ರ. ನಮ್ಮ ಹೆಸರಿನ ಸೀಟಿನಿಂದ ಈ ಮಾತು ಏಳಬೇಕು.

ಎರಡು: ಇನ್ನು ಮುಂದೆ ಒಂದು ಎಕರೆ ಗುತ್ತಿಗೆಗೆ ಹೋಗಬೇಕಾದರೂ, ಆ ಎಕರೆಯಲ್ಲಿ ಕೂಲಿ ಮಾಡಿದವರು, ಕುರಿ ಮೇಯಿಸಿದವರು ಯಾರು ಅನ್ನುವ ಪಟ್ಟಿ ಗ್ರಾಮಸಭೆಯಲ್ಲಿ ಓದಬೇಕು. ಪಟ್ಟಿ ಇಲ್ಲದೆ ಕರಾರು ಇಲ್ಲ.

ಮೂರು: ಪಾರ್ಕಿನ ಒಳಗಿನ ಕೆಲಸದಲ್ಲಿ ಮೊದಲ ಹಕ್ಕು ಭೂಮಿಯಿಲ್ಲದ ಮನೆಗಳಿಗೆ, ಅದರಲ್ಲೂ ಹೆಂಗಸರಿಗೆ. ಕನಿಷ್ಠ ಕೂಲಿ, ಪಿ.ಎಫ್., ಹಾಜರಿ ಪುಸ್ತಕದಲ್ಲಿ ಹೆಸರು.

ನಾಲ್ಕನೆಯದು ಸರ್ಕಾರಕ್ಕಲ್ಲ, ನಮಗೆ. ಪಟ್ಟಿ ಯಾರು ಬರೆಯುತ್ತಾರೆ? ಯಾರೂ ಬರೆಯುವುದಿಲ್ಲ. ನಾವೇ ಬರೆಯಬೇಕು. ಓದಿದ ಹುಡುಗ ಹುಡುಗಿಯರು ಒಂದೊಂದು ನೋಟ್‌ಬುಕ್ ತೆಗೆದುಕೊಳ್ಳಿ. ಮನೆಮನೆಗೆ ಹೋಗಿ. ಅಮ್ಮ, ನೀನು ಯಾರ ಹೊಲದಲ್ಲಿ ದುಡಿದೆ? ಎಷ್ಟು ವರ್ಷ? ಯಾವ ಯಾವ ಕೆಲಸ? ಕೂಲಿ ಎಷ್ಟು ಕೊಟ್ಟರು? ಬೇಲಿ ಬಿದ್ದ ವರ್ಷ ಏನು ಮಾಡಿದಿರಿ? ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸಿಕೊಳ್ಳಿ. ದೊಡ್ಡಮ್ಮನಂಥವರಿಗೆ ವಯಸ್ಸಾಗುತ್ತಿದೆ. ಅವರ ನೆನಪು ಬಿಟ್ಟರೆ ನಮಗೆ ಬೇರೆ ದಾಖಲೆ ಇಲ್ಲ. ನೆಲಕ್ಕೆ ಪಹಣಿ ಇರುವ ಹಾಗೆ ಕೈಗೂ ಒಂದು ಪಹಣಿ ಬೇಕು. ಅದನ್ನು ಯಾವ ಶಾನುಭೋಗನೂ ನಮಗೆ ಬರೆದು ಕೊಟ್ಟಿರಲಿಲ್ಲ.

ನಾನು ಶುರು ಮಾಡಿದ್ದೇನೆ. ಮೊನ್ನೆ ಸಂಜೆ ನೋಟ್‌ಬುಕ್ ಹಿಡಿದು ದೊಡ್ಡಮ್ಮನ ಜಗುಲಿ ಮೇಲೆ ಕೂತೆ. ಹೆಸರು ಬರೆದೆ. ಹೊಲದವರ ಹೆಸರು ಕೇಳಿದೆ. ಒಂದಲ್ಲ, ಹನ್ನೊಂದು ಹೊಲ ಹೇಳಿದರು. ಒಂದೊಂದರ ಬಾವಿ, ಹುಣಸೆ ಮರ, ಕಲ್ಲು, ಯಾವ ಮೂಲೆಯಲ್ಲಿ ಕಾಯಿ ಚೆನ್ನಾಗಿ ಕಟ್ಟುತ್ತಿತ್ತು, ಎಲ್ಲ ಹೇಳಿದರು. ಅವು ಈಗ ಬೇಲಿಯ ಒಳಗಿವೆ, ಗುರುತು ಸಿಗುವುದಿಲ್ಲ. ಬರೆದು ಮುಗಿಸಿದ ಮೇಲೆ ಕೇಳಿದರು:

"ಇದನ್ನ ಆ ನ್ಯಾಯದಲ್ಲಿ ಓದ್ತೀಯಾ ಮಗಾ?"

ಓದುತ್ತೇನೆ ಅಂದಿದ್ದೇನೆ. ಮುಂದಿನ ಸಲ ನಾನೊಬ್ಬನೇ ಹೋಗುವುದಿಲ್ಲ. ಬಸ್ ಚಾರ್ಜು ಹೊಂದಿಸಿ ಅವರನ್ನೂ ಕರೆದುಕೊಂಡು ಹೋಗಬೇಕು. ಸಮಯದ ಅಭಾವ ಅಂತ ಅವರ ಮುಖ ನೋಡಿ ಹೇಳಲಿ.

ಜೈ ಭೀಮ್.